ಆರಕ್ಕೂ ಏಳಕ್ಕೂ ನಡುವೆ

ಕಾಲೇಜಿನವರು ಆರು ವಾರಕ್ಕೆಂದು ಕಳಿಸಿದ್ದರು ಅವನನ್ನ,
ಒಂದು ಹಳದಿ ಫಾರಮ್ಮು, ಹೊಸ ಬೂಟು,
ಇನ್ನೂ ಮಡಿಕೆ ಬಿಡದ ಕೆಲಸದಂಗಿ.
ಹೆಸರು ರೂರಿ ಗೆಡ್ಡಿಸ್. ವಯಸ್ಸು ಹದಿನೇಳು.
ಮೊದಲ ದಿನ ಆಡಿದ್ದು ಮೂರೇ ಮಾತು:
ಹೂಂ, ಸರಿ, ಎಲ್ಲಿ.

ಡಂಡೀಯ ಗಾಳಿಗೆ ಟೇ ನದಿಯ ಉಪ್ಪು ಅಂಟಿರುತ್ತದೆ.
ಎತ್ತರದ ಕಟ್ಟಡಗಳ ನೆತ್ತಿಯಲ್ಲಿ
ನಮ್ಮ ಮೋಟಾರು ಕೋಣೆಗಳು,
ಪಾರಿವಾಳದ ಹಿಕ್ಕೆ, ಬಿಸಿ ಎಣ್ಣೆ,
ಯಾರೋ ಬಿಟ್ಟುಹೋದ ಚಹಾ ಮಗ್ಗು.
ಇದು ಗವರ್ನರ್, ಇದು ಬ್ರೇಕು ಅಂದೆ.
ಎಲ್ಲ ಗೊತ್ತಿತ್ತು. ಚಿತ್ರ ಬರೆದು ತೋರಿಸಬಲ್ಲ,
ತೊಂಬತ್ತೆರಡು ಅಂಕದ ಹುಡುಗ.
ಆದರೆ ಸ್ಪ್ಯಾನರ್ ಹಿಡಿದರೆ
ಪರರ ಕೂಸನ್ನು ಎತ್ತಿಕೊಂಡ ಹಾಗೆ.

ನಾನು ಕಲಿತದ್ದು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ,
ದಾವಲಸಾಬ್ ಮಿಸ್ತ್ರಿಯ ಕೈಕೆಳಗೆ.
ಒಂದು ತಿಂಗಳು ಬರೀ ಕೇಳು ಅಂದಿದ್ದ:
"ಕಬ್ಬಿಣ ಸುಳ್ಳ ಹೇಳೂದಿಲ್ಲ, ನಿನ್ನ ಕಿವಿ ಹೇಳ್ತದ."
ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ,
ಗ್ರೀಸಾದರೆ ಏನು ಅಂತ ಒಮ್ಮೆ ಕೇಳಿದ್ದೆ.
"ಗ್ರೀಸಾದ್ರ ಸಬಕಾರ!" ಅಂದು ನಕ್ಕಿದ್ದ.
ಇದನ್ನೆಲ್ಲ ಈ ಹುಡುಗನಿಗೆ
ಯಾವ ಇಂಗ್ಲಿಷಿನಲ್ಲಿ ಹೇಳಲಿ?

ನಾಲ್ಕನೇ ವಾರ, ಗುರುವಾರ, ಮಧ್ಯಾಹ್ನ.
ಲಿಫ್ಟು ನಿಂತಿದೆ ಆರಕ್ಕೂ ಏಳಕ್ಕೂ ನಡುವೆ.
ಒಳಗೆ ಮಿಸೆಸ್ ಲೋರಿಮರ್, ಎಂಬತ್ತೊಂದು,
ಒಂದು ಚೀಲ ಆಲೂಗಡ್ಡೆ, ಗಿಳಿಗೆಂದು ಕೊಂಡ ಕಾಳಿನ ಪೊಟ್ಟಣ.
ನಾನು ಮೇಲೆ ಹೋಗಬೇಕು. ಬಾಗಿಲ ಬಳಿ ಒಬ್ಬ ಬೇಕು.
"ಮಾತಾಡಿಸ್ತಾ ಇರು" ಅಂದೆ.
ಅವನ ಮುಖ ನೋಡಿದ ಮೇಲೆ, ಮೆಟ್ಟಿಲು ಹತ್ತುತ್ತಾ,
ನನ್ನ ಮೇಲೆ ನನಗೇ ಸಿಟ್ಟು ಬಂತು.

ಬ್ರೇಕಿನ ಕಾಯಿಲ್ ಸುಟ್ಟಿತ್ತು.
ಕೈಯಿಂದ ಬಿಡಿಸೋಣವೆಂದರೆ ಲಿವರು ತುಕ್ಕು ಹಿಡಿದು ಹಟ.
ನಲವತ್ತು ನಿಮಿಷ.
ಕತ್ತಲ ಬಾವಿಯೊಳಗಿಂದ ಅವನ ದನಿ
ಹಗ್ಗ ಹಿಡಿದು ಮೇಲೆ ಬರುತ್ತಿತ್ತು, ತುಂಡು ತುಂಡಾಗಿ:

ಗಿಳಿಯ ಹೆಸರೇನು?
ಇಲ್ಲ, ಬೀಳಲ್ಲ. ಐದು ಹಗ್ಗ ಇವೆ.
ಒಂದೇ ಸಾಕು, ಮಿಕ್ಕ ನಾಲ್ಕು ನಿಮ್ಮ ಧೈರ್ಯಕ್ಕೆ.
ನಮ್ಮಜ್ಜಿಗೂ ಆಗಲ್ಲ, ಬಾಗಿಲು ಮುಚ್ಚಿದರೆ ಸಾಕು…
ಈಗ ಠಕ್ ಅಂತ ಸದ್ದು ಬರುತ್ತೆ.
ಅದು ನಮ್ಮವರೇ. ಹೆದರಬೇಡಿ.

ನಾನು ಲಿವರು ಎತ್ತುವ ಮೊದಲೇ ಹೇಳಿದ್ದ.
ಅಂದರೆ, ಕೇಳುತ್ತಿದ್ದ.
ನನ್ನ ಕೈ ಎಲ್ಲಿದೆ, ಇನ್ನೆಷ್ಟು ಬಾಕಿ,
ಸದ್ದಿನಲ್ಲೇ ಎಣಿಸುತ್ತಿದ್ದ.

ಠಕ್.

ಹೊರಬಂದಾಕೆ ಅವನಿಗೆ ಮೂರು ಆಲೂಗಡ್ಡೆ ಕೊಟ್ಟಳು.
ಬೇಡ ಅನ್ನಲು ಬಾರದೆ ಜೇಬಿಗಿಳಿಸಿದ.
ವ್ಯಾನಿನಲ್ಲಿ ಮತ್ತೆ ಮೌನ.
ಸೇತುವೆ ಕಾಣುವ ತಿರುವಿನಲ್ಲಿ ಮಾತ್ರ
"ಆ ಲಿವರಿಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು?" ಅಂದ.
ನಾನು ಕನ್ನಡಿ ನೋಡಿದೆ, ಗೇರು ಬದಲಿಸಿದೆ.
ಎಣ್ಣೆಯ ಸರದಿ ನನ್ನದಾಗಿತ್ತು.

ಹಳದಿ ಫಾರಮ್ಮು ನಿನ್ನೆ ತುಂಬಿದೆ.
ಸಮಯಪಾಲನೆ: ನಾಲ್ಕು. ಉಪಕರಣ ಬಳಕೆ: ಮೂರು,
ಅಲ್ಲ, ಮೂರೂವರೆ ಇರಲಿ.
ಸಂವಹನ ಕೌಶಲ್ಯ, ಐದರಲ್ಲಿ ಎಷ್ಟು?
ಷರಾಕ್ಕೆ ಬಿಟ್ಟಿರುವುದು ಬೆರಳಗಲದ ಜಾಗ.
ಪೆನ್ನು ಹಿಡಿದು ತುಂಬ ಹೊತ್ತು ಕೂತೆ.
ಬರೆದದ್ದು ಇಷ್ಟೇ:
ಗಿಳಿಯ ಹೆಸರು ಈಗ ನನಗೂ ಗೊತ್ತು.

ಕಾಲೇಜಿನವರು ಫೋನು ಮಾಡಿ ಕೇಳಿಯಾರು.
ಕೇಳಲಿ.