ನಾಲ್ಕನೇ ಜ್ವರದ ದಿನ

ಹುಳು ಜ್ವರಕ್ಕೆ ಕೂತ ದಿನ ನಮ್ಮ ಮನೆಗೆ ರಜಾ.
ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ.
ಸ್ಟ್ಯಾಂಡಿನ ತುಂಬ ತಲೆ ಎತ್ತಿ ನಿಂತಿವೆ
ಯಾರೋ ಹೆಸರು ಹಿಡಿದು ಕರೆದಂತೆ, ಓಗೊಡದೆ.
ಮೇಲೆ ಸುಣ್ಣದ ಪುಡಿ ಹಾರಿಸಿ ಬಂದಿದ್ದಾಳೆ ದೊಡ್ಡಮ್ಮ,
ರೆಪ್ಪೆಯಲ್ಲಿ ಇನ್ನೂ ಬಿಳಿ.

ಇವತ್ತೇ ಸರಿ ಅಂದುಕೊಂಡು ಕಂಪ್ಯೂಟರ್ ಮುಂದೆ ಕೂತೆ.

ಚಿಂತಾಮಣಿಯಲ್ಲಿ ಸೆಕೆಂಡ್‌ಹ್ಯಾಂಡಿಗೆ ತಂದದ್ದು,
ಪಹಣಿ ನೋಡಲು, ಗೂಡಿನ ರೇಟು ನೋಡಲು.
ಈಗ ರೇಟು ನೋಡಹೋದರೆ
ಮೊದಲು ಒಬ್ಬಳು ನಗುತ್ತಾಳೆ, ರಮ್ಮಿ ಆಡು ಬಾ ಅನ್ನುತ್ತಾಳೆ,
ಅವಳನ್ನು ಮುಚ್ಚಿದರೆ ಅವಳ ಹಿಂದೆ ಬೊಜ್ಜು ಕರಗಿಸುವ ಪುಡಿ,
ಪುಡಿಯ ಹಿಂದೆ ನಿಮಗೆ ಬಹುಮಾನ ಬಂದಿದೆ ಬಹುಮಾನ ಬಂದಿದೆ,
ಎಲ್ಲದರ ಹಿಂದೆ, ಎಲ್ಲೋ,
ಶಿಡ್ಲಘಟ್ಟ ಮಾರುಕಟ್ಟೆ, ಕೆ.ಜಿ.ಗೆ ಇಷ್ಟು.

ಊಜಿ.
ಇಂಥದ್ದಕ್ಕೆ ನನಗೆ ತಿಳಿದ ಹೆಸರು ಅದೊಂದೇ.
ನೈಲಾನ್ ಪರದೆಯಲ್ಲಿ ಒಂದು ತೂತು ಸಾಕು ಆ ನೊಣಕ್ಕೆ.
ಹುಳುವಿನ ಬೆನ್ನಮೇಲೆ ಸೂಜಿಮೊನೆಯಷ್ಟು ಬಿಳಿ,
ಎರಡು ದಿನ ಬಿಟ್ಟು ಅಲ್ಲೇ ಒಂದು ಕಪ್ಪು ಚುಕ್ಕೆ.
ಹುಳು ಮೇಯುತ್ತಲೇ ಇರುತ್ತದೆ ಪಾಪ,
ನಮ್ಮ ಸೊಪ್ಪು, ನಮ್ಮ ಕೂಲಿ, ನಮ್ಮ ರಾತ್ರಿ.
ಮೇದದ್ದು ಯಾರ ಹೊಟ್ಟೆಗೆ ಅಂತ ಅದಕ್ಕೂ ಗೊತ್ತಿಲ್ಲ.

ಈ ಪರದೆಗೆ ತೂತು ಮಾಡಿದ್ದು ಯಾರು?
ಮನು ಅಂತ ಬೈದಿದ್ದೆ, ಅವನ ಕಾರ್ ರೇಸಿಗೆ ಬೈದಿದ್ದೆ.
ಪಟ್ಟಿ ತೆಗೆದು ತಾರೀಕಿನ ಪ್ರಕಾರ ಜೋಡಿಸಿದೆ:
ಒಂದೇ ದಿನ, ಒಂದೇ ನಿಮಿಷ, ಏಳು ಹೆಸರು.
ಮೊದಲನೆಯದು ಪುಕ್ಕಟೆ ಪಂಚಾಂಗ,
ಜಾತಕ ಕೂಡಿಸಲು ನಾನೇ ಇಳಿಸಿಕೊಂಡದ್ದು
(ಯಾರ ಜಾತಕ ಅಂತ ಕೇಳಬೇಡಿ).
ಮುಂದೆ, ಮುಂದೆ, ಒಪ್ಪಿದೆ, ಮುಂದೆ
ಅಂತ ಒತ್ತಿದ್ದು ಇದೇ ಬೆರಳು.
ಅಮಾವಾಸ್ಯೆಯನ್ನು ಅದು ಸರಿಯಾಗಿಯೇ ಹೇಳುತ್ತಿತ್ತು.
ಜೊತೆಗೆ ಬಂದ ಆರು ಜನ ಮಾತ್ರ ಒಳಮನೆಯಲ್ಲಿ ಕೂತುಬಿಟ್ಟಿದ್ದರು.

ಅಂಗಡಿಯ ನವಾಜಣ್ಣ ಫೋನಿನಲ್ಲಿ ಹೇಳಿದಂತೆ
ಒಂದೊಂದನ್ನೇ ಹಿಡಿದು ಹೊರಗೆ ಹಾಕಿದೆ.
ಒಂದು ಕೇಳಿತು, ನಿಜವಾಗಿಯೂ ನಾನು ಹೋಗಬೇಕೆ?
ಇನ್ನೊಂದು ಗೋಗರೆಯಿತು, ನಮ್ಮಿಂದ ಏನು ತಪ್ಪಾಯಿತು ತಿಳಿಸಿ.
ಮೂರನೆಯದು ಹೋದಂತೆ ಹೋಗಿ
ರೀಸ್ಟಾರ್ಟ್ ಮಾಡಿದರೆ ಬಾಗಿಲಲ್ಲೇ ನಿಂತಿದೆ.
ನೆಟ್ಟಿನ ವೈರು ಕಿತ್ತೆ. ಸೇಫ್ ಮೋಡಿನಲ್ಲಿ ಎಬ್ಬಿಸಿದೆ.
ಬೆಳೆ ಮುಗಿದ ಮೇಲೆ ಹುಳುಮನೆಯ ನೆಲದಲ್ಲಿ
ಬಿರುಕು ಬಿರುಕಿಗೂ ಬ್ಲೀಚಿಂಗ್ ನೀರು ಹೊಯ್ಯುವ ಹಾಗೆ
ಬ್ರೌಸರಿನ ಮೂಲೆ ಮೂಲೆ ತೊಳೆದೆ,
ಹುಡುಕಿದ್ದು, ಓದಿದ್ದು, ನೆನಪಿಟ್ಟದ್ದು, ಎಲ್ಲ.

ರೇಟು ಒಂದೇ ಒತ್ತಿಗೆ ಬಂತು.
ಅಕ್ಕಪಕ್ಕ ಯಾರೂ ಇಲ್ಲ.

ದೊಡ್ಡಮ್ಮ ಬಂದು ಬೆನ್ನ ಹಿಂದೆ ನಿಂತಳು.
ಎಲ್ಲಾ ಹೋಯ್ತೇನೆ?
ಹೋಯ್ತು.
ಆ ಕೆಂಪು ಗಾಡೀನೂ?

ಯಾವ ಗಾಡಿ ಅನ್ನುವಷ್ಟರಲ್ಲಿ ನೆನಪಾಯಿತು.
ಮೂರು ತಿಂಗಳಿಂದ ಬಲಗಡೆ ಅಂಚಿನಲ್ಲಿ
ಒಂದು ಕೆಂಪು ಸ್ಕೂಟರ್ ಬಂದು ನಿಲ್ಲುತ್ತಿತ್ತು.
ಅದನ್ನೂ ಮನುವಿನ ಲೆಕ್ಕಕ್ಕೇ ಬರೆದಿದ್ದೆ.

ರಾತ್ರಿ ಹನ್ನೊಂದರ ಸೊಪ್ಪು ಹಾಕಿ ಬಂದು
ಒಂದು ಸಲ ನೋಡ್ದೆ ಕಣೆ, ಒಂದೇ ಸಲ.
ಒಂದೊಂದೇ ಅಕ್ಷರ ಹುಡುಕಿ ಒತ್ತಿ.
ಆಮೇಲೆ ಅದೇ ದಿನಾ ಬರ್ತಿತ್ತು, ಜ್ಞಾಪಕ ಇಟ್ಕೊಂಡು.

ಮೂವತ್ತು ವರ್ಷ ದೊಡ್ಡಪ್ಪನ ಬೈಕಿನ ಹಿಂದೆ
ಗೂಡಿನ ಮೂಟೆ ತಬ್ಬಿಕೊಂಡು
ಮೇಲೂರಿಂದ ಶಿಡ್ಲಘಟ್ಟಕ್ಕೆ ಹೋದವಳು.
ಮೂಟೆ ಬೀಳದಂತೆ ಹಿಡಿದುಕೋ ಅಂದವರುಂಟು.

ಯಾವ ಕಂಪನಿದು ದೊಡ್ಡಮ್ಮ, ಅಂದೆ.
ಅವಳು ಸೆರಗಿಗೆ ಕೈ ಒರೆಸಿದಳು,
ಖಾಲಿ ಅಂಚನ್ನು ಇನ್ನೊಮ್ಮೆ ನೋಡಿದಳು.

ಹೆಸರು ಓದಕ್ಕೆ ಆಗ್ತಿರಲಿಲ್ಲ.
ಬಂದ ಬಂದ ಹಾಗೇ ಮುಚ್ಚಿಬಿಡ್ತಿದ್ದೆಯಲ್ಲ ನೀನು.