ಹನ್ನೊಂದು ‘ನಾವು’

ಕಿಟ್ವೆಯ ಶಾಲೆ, ಕೊನೆಯ ಪೀರಿಯಡ್ಡು.
ಗಣಿ ಕಂಪನಿಯ ಲೇಖನ ಹಂಚಿದೆ:
“ನಾವು ಬೆಳೆದರೆ ಊರು ಬೆಳೆದಂತೆ.”
ಒಪ್ಪಬೇಡಿ, ಜಗಳವೂ ಬೇಡ, ಎಂದೆ,
ಎಲ್ಲಿ ನಿಮ್ಮ ತಲೆ ತಾನಾಗಿ ಆಡಿತೋ
ಅಲ್ಲೊಂದು ಗೆರೆ ಎಳೆಯಿರಿ.

ಕೆಂಪು ಪೆನ್ಸಿಲ್ಲು ಮೂರೇ, ಕೈಯಿಂದ ಕೈಗೆ.
ಚಿಲೆಶೆ ಅಂಕಿಗಳನ್ನು ಹಿಡಿದಳು:
ಇದನ್ನೆಲ್ಲ ಎಣಿಸಿದ್ದು ಯಾರು ಮೇಡಂ?
ಹಿಂದಿನ ಬೆಂಚಿನ ಕಪೆಂಬ್ವ
‘ನಾವು’ಗಳಿಗೆ ಸುತ್ತು ಹಾಕುತ್ತ ಹೋದ. ಹನ್ನೊಂದು.
ಆಮೇಲೆ ಒಂದೊಂದರೊಳಗೂ
ಅಪ್ಪನನ್ನು ಹುಡುಕಿದ.
ಮೂರನೆಯದರಲ್ಲಿ ಇದ್ದ, ಬೆವರುವಲ್ಲಿ.
ಲಾಭ ಬಂದ ಏಳನೆಯದರಲ್ಲಿ
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಇಲ್ಲ.

ಗಂಟೆ ಹೊಡೆಯಿತು.
“ನಾಳೆ ನಾವು ಮುಂದುವರಿಸೋಣ” ಅಂದೆ,
ಅಂದವಳು ತಡವರಿಸಿದೆ.

ಎರಡೇ ಪೆನ್ಸಿಲ್ಲು ವಾಪಸು ಬಂದವು.