ಹನ್ನೊಂದು ತುಂಡು

ಅರಸೀಕೆರೆಯಲ್ಲಿ ಕೋರ್ಟಿನ ಎದುರು ನನ್ನ ಅಂಗಡಿ.
ವಕೀಲರ ಕೋಟು ಹೊಲಿದು ಉಳಿದ ಕಪ್ಪು ಚೂರು
ಒಂದು ಗೋಣಿಚೀಲದ ತುಂಬ.
"ಇಷ್ಟು ಕಪ್ಪಲ್ಲಿ ಒಂದು ಎಮ್ಮೆ ಆಗಲ್ವಾ, ಸಫೂರಕ್ಕ?"
ಅಂದಳು ಹಾಲು ಹಾಕುವ ದ್ಯಾವಮ್ಮ, ತಮಾಷೆಗೆ.
ಸೆರಗು ಹಿಡಿದು ನಿಂತಿದ್ದ ರಂಗಿ ನಗಲಿಲ್ಲ.
"ಬೆಳ್ಳಿ ಥರಾನೇ ಆಗಬೇಕು."

ಬೆಳ್ಳಿ ಅವರ ಎಮ್ಮೆ.
ಇದ್ದಿಲಿನಂಥ ಮೈಗೆ ಆ ಹೆಸರಿಟ್ಟವಳು ರಂಗಿಯೇ;
ಕೂಗಿದರೆ ಬಾಯಿಗೆ ತಂಪಂತೆ.

ಮೂವತ್ತು ವರ್ಷದಿಂದ ಅಳತೆ ತೆಗೆದವಳು ನಾನು.
ಎದೆ, ಸೊಂಟ, ತೋಳು, ಕಂಕುಳು:
ಎರಡು ಕಾಲಿನವರದೆಲ್ಲ ಬಾಯಿಪಾಠ.
ಎಮ್ಮೆಗೆ ಟೇಪು ಹಿಡಿದರೆ
ಅದು ಟೇಪನ್ನೇ ಮೇಯಲು ನೋಡಿತು.
ಇಪ್ಪತ್ತೇಳನೇ ಇಂಚಿನವರೆಗೆ
ಇವತ್ತಿಗೂ ಜೊಲ್ಲಿನ ಕಲೆ.

ಮೊದಲನೆಯದನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದೆ.
ಪಕ್ಕಕ್ಕೆ ನಿಂತ ಎಮ್ಮೆ, ಎರಡೇ ತುಂಡು.
ಹೊಲಿದು, ಮಗುಚಿ, ತೆಂಗಿನ ನಾರು ತುರುಕಿದೆ,
ನಮ್ಮೂರಲ್ಲಿ ಅದಕ್ಕೇನು ಬರ.
ದೋಸೆಯ ಹಾಗೆ ಮಲಗಿತು.
ರಂಗಿ ಕಿವಿಯಿಂದ ಬಾಲದವರೆಗೆ ಬೆರಳು ಓಡಿಸಿ,
"ಇದು ದಿಂಬು. ಚುಚ್ಚೋ ದಿಂಬು."

ಎರಡನೆಯದಕ್ಕೆ ಹೊಟ್ಟೆಯಡಿ ಪಟ್ಟಿ ಕೊಟ್ಟೆ,
ಪೈಜಾಮಕ್ಕೆ ಆಸನ ಕೊಡುವಂತೆ.
ನಿಂತಿತು! ನಾಲ್ಕೂ ಕಾಲಿನ ಮೇಲೆ!
ಅಂದಕ್ಕಿರಲಿ ಎಂದು ಕತ್ತಿನಡಿ ಒಂದು ಜೋಲು ಬಿಟ್ಟಿದ್ದೆ.
ಬೆರಳು ಅಲ್ಲೇ ತಡೆದವು.
"ಗಂಗೆದೊಗಲು ಇರೋದು ಹಸುಗೆ.
ಇದು ಹಸು. ಕಪ್ಪಗಿದ್ದರೇನಂತೆ?"
ಕಪ್ಪು ಅಂದರೆ ಅವಳಿಗೆ ಏನೆಂದು
ನಾನು ಕೇಳಲಿಲ್ಲ.
ಪೆನ್ಸಿಲು ಚೂಪು ಮಾಡಿ
ಅರ್ಧ ಅಂಗುಲ ಒಳಗೆ ಹೊಸ ಗೆರೆ ಎಳೆದೆ.

ಮೂತಿ ಮೂರು ವಾರ ತಿಂದಿತು.
ಚೂಪಾದರೆ ನಾಯಿ, ಮೊಂಡಾದರೆ ಹಂದಿ.
ಒಂದು ಮಧ್ಯಾಹ್ನ ಪೋಸ್ಟ್‌ಮಾಸ್ಟರ ಮಗಳ ಮದುವೆ ಬ್ಲೌಸಿಗೆ
ಕಟೋರಿ ಕತ್ತರಿಸುತ್ತ ಕೈ ಗಕ್ಕನೆ ನಿಂತಿತು:
ಚಪ್ಪಟೆ ಬಟ್ಟೆಗೆ ಉಬ್ಬು ಕಲಿಸುವ ಇದೇ ವಿದ್ಯೆಯಲ್ಲಿ
ಇಷ್ಟು ವರ್ಷ ಅನ್ನ ಉಂಡಿದ್ದೇನೆ,
ಎಮ್ಮೆಯ ಕೆನ್ನೆಗೆ ಹೊಳೆಯಲೇ ಇಲ್ಲವಲ್ಲ!
ಇಪ್ಪತ್ತೆಂಟರ ಕಟೋರಿ, ಎರಡು, ಅಕ್ಕಪಕ್ಕ.
ಯಾರಿಗೂ ಹೇಳಬೇಡಿ.
ಆ ಮದುವೆಹೆಣ್ಣಿಗಂತೂ.

ಕೊಂಬಿಗೆ ಬಟ್ಟೆಯನ್ನು ಓರೆಗೆ ಕತ್ತರಿಸಿದೆ,
ಓರೆಯಾದ ಬಟ್ಟೆ ಮಾತು ಕೇಳುತ್ತದೆ, ಬಾಗುತ್ತದೆ.
ಒಳಬದಿಗೆ ನೂಲು ಜಗ್ಗಿದರೆ ಗೆಣ್ಣು ಗೆಣ್ಣು.
ಸೊಂಟದ ಎರಡು ಮೂಳೆಗೆ ಟಕ್ಸು ತಿರುವಿ ಹಾಕಿದೆ.
ನಾರು ಕಿತ್ತು ಬೂರುಗದ ಹತ್ತಿ;
ಕಾಲಿಗೆ ಮಾತ್ರ ಒಂದೊಂದು ಹಿಡಿ ರಾಗಿ, ಭಾರಕ್ಕೆ.

"ಬಲಗೊಂಬು," ಅಂದಳು ರಂಗಿ.
"ಎರಡೂ ಒಂದೇ ಸಮ ಇದಾವಲ್ಲೇ."
"ಅದೇ ತಪ್ಪು. ಗೇಟಿಗೆ ಗುದ್ದಿ ತುದಿ ಮುರಕೊಂಡಿದೆ.
ಗೊತ್ತಿಲ್ವಾ ನಿಮಗೆ?"

ಆರು ವರ್ಷ, ದಿನಾ ಎರಡು ಸಲ,
ನನ್ನ ಅಂಗಡಿಯ ಮುಂದೆಯೇ ಹಾದುಹೋಗುವ ಎಮ್ಮೆ.
ಗೊತ್ತಿರಲಿಲ್ಲ.

ಕಣ್ಣಿಗೆಂದು ಹೊಳೆಯುವ ಕೋಟಿನ ಗುಂಡಿ ಎರಡು
ಆರಿಸಿ ಇಟ್ಟಿದ್ದೆ. ಮುಟ್ಟಿ, ನನ್ನ ಅಂಗೈಗೇ ವಾಪಸಿಟ್ಟಳು.
"ತಣ್ಣಗಿದೆ.
ಮೆಲುಕು ಹಾಕೋವಾಗ ಬೆಳ್ಳಿ ಕಣ್ಣು ಮುಚ್ಚಿರತ್ತೆ."
ಹಾಗೆ ರೆಪ್ಪೆ ಎರಡು ಸೇರಿ
ಒಂಬತ್ತಿದ್ದದ್ದು ಹನ್ನೊಂದಾಯಿತು.

ಈಗ ಎಲ್ಲ ರಟ್ಟಿಗೆ ಇಳಿಸಿ, ತೂತು ಕೊರೆದು, ದಾರ ಪೋಣಿಸಿ
ಊರಿನ ತೋಳು, ಕಾಲರುಗಳ ಜೊತೆ ಮೊಳೆಗೆ ತೂಗಿದ್ದೇನೆ.
ಸೀಮೆಸುಣ್ಣ ಅಳಿಸೀತೆಂದು ಪೆನ್ನಲ್ಲಿ ಬರೆದಿದ್ದೇನೆ,
ನಾಳೆ ಈ ಮಿಷನ್ನಿಗೆ ಕೂರುವವರಿಗೆ:
ಬಲಗೊಂಬು ಮುಕ್ಕಾಲು ಅಂಗುಲ ಗಿಡ್ಡ.
ಕತ್ತರಿ ತಪ್ಪಿದ್ದಲ್ಲ.
ಸರಿ ಮಾಡಲು ಹೋಗಬೇಡಿ.